ರಸ್ತೆ ಕಡೆಯ ಗಾಜು

ಅವಳಿಗೆ ‘ಕಿಟಕಿ ಮೇಡಂ’ ಎಂದು ಹೆಸರಿಟ್ಟವನು ಮೇಸ್ತ್ರಿ. ಎದುರಿಗೆ ಹೇಳುವ ಎದೆಗಾರಿಕೆ ಅವನಿಗಿರಲಿಲ್ಲ. ಗಾರೆ ಕಲಸುವವರ ಕಿವಿಯಲ್ಲಿ ಹೇಳಿದ, ಅವರು ಇಟ್ಟಿಗೆ ಹೊರುವವರಿಗೆ ಹೇಳಿದರು, ಕೊನೆಗೆ ಒಂದು ದಿನ ಜಲ್ಲಿ ತಂದ ಲಾರಿಯ ಡ್ರೈವರು ಅವಳನ್ನೇ ನಿಲ್ಲಿಸಿ, “ಅಮ್ಮಾ, ಈ ಕಿಟಕಿ ಮೇಡಂ ಅನ್ನೋರ ಮನೆ ಯಾವುದು?” ಎಂದು ಕೇಳಿದ.

“ಇದೇ. ಆ ಮೂಲೇಲಿ ಸುರೀರಿ,” ಎಂದಳು.

ಸಿಟ್ಟು ಮಾಡಿಕೊಳ್ಳುವುದಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ. ಮಲಗುವ ಕೋಣೆಯ ಹಸಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಚೌಕ ಬರೆದು, ಹಿಂದೆ ಸರಿದು ನೋಡಿ, ಅಂಗೈಯಿಂದ ಒರೆಸಿ, ಒಂದು ಗೇಣು ಪಕ್ಕಕ್ಕೆ ಮತ್ತೆ ಬರೆಯುವುದರಲ್ಲಿದ್ದಳು. ಆ ಕೋಣೆಯ ಕಿಟಕಿ ಆಗಲೇ ಒಂದು ಸಲ ಜಾಗ ಬದಲಿಸಿತ್ತು. ಇನ್ನೊಂದು ಸಲ ಬದಲಿಸುತ್ತದೆ ಎಂದು ಮೇಸ್ತ್ರಿಗೆ ಅವಳ ನಿಲುವು ನೋಡಿಯೇ ಗೊತ್ತಾಗಿ, ಅವನು ಕರಣೆಯನ್ನು ಬಾಣಲಿಯೊಳಗೆ ಹಾಕಿ ಟೀ ಕುಡಿಯಲು ಹೊರಟುಬಿಟ್ಟ.

ಅವಳ ಕೆಲಸ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು. ಆಸ್ಪತ್ರೆಯ ಆ ಕೋಣೆ ನೆಲಮಾಳಿಗೆಯಲ್ಲಿತ್ತು. ಬಾಗಿಲಿಗೆ ಸೀಸದ ತಗಡು, ಗೋಡೆಗಳು ಎರಡು ಪಟ್ಟು ದಪ್ಪ, ಕಿಟಕಿಯ ಮಾತೇ ಇಲ್ಲ. ಹೊರಗೆ ಮಳೆ ಬರುತ್ತಿದೆಯೋ ಬಿಸಿಲಿದೆಯೋ ಎಂಬುದು ಅವಳಿಗೆ ತಿಳಿಯುತ್ತಿದ್ದದ್ದು ರೋಗಿಗಳ ಚಪ್ಪಲಿಯಿಂದ. ದಪ್ಪ ಗಾಜಿನ ಹಿಂದೆ ನಿಂತು, “ಉಸಿರು ಬಿಗಿ ಹಿಡೀರಿ, ಅಲ್ಲಾಡಬೇಡಿ, ಸಾಕು, ಬಿಡಿ” ಎಂದು ಹೇಳಿ ಹೇಳಿ ಅವಳ ಯೌವನ ಕಳೆದಿತ್ತು. ಅಲ್ಲಿಂದ ಹೊರಬಂದವಳು ಒಂದು ಕಡೆ ಕೂರುತ್ತಿರಲಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ನಿಲ್ಲುವಳು. ಮನೆಯಲ್ಲಿ ಕುರ್ಚಿಗಳನ್ನು ಎತ್ತಿ ಎತ್ತಿ ಇಡುವಳು. “ಇವಳ ಕಾಲಿಗೆ ಚಕ್ರ ಇದೆ, ಬ್ರೇಕ್ ಮಾತ್ರ ಕಂಪನಿಯಿಂದಲೇ ಬಂದಿಲ್ಲ,” ಎಂದು ಗಂಡ ಹೇಳುತ್ತಿದ್ದ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು; ಲೋಕದ ಎಲ್ಲ ಸಂಗತಿಯನ್ನೂ ಗೇರು, ಬ್ರೇಕು, ಕ್ಲಚ್ಚಿಗೆ ತಂದು ನಿಲ್ಲಿಸದಿದ್ದರೆ ಅವನಿಗೆ ಸಮಾಧಾನವಿಲ್ಲ.

ಚಕ್ರ ಕಟ್ಟಿದ್ದು ಎಲ್ಲಿ ಎಂದು ಅವಳಿಗೆ ಗೊತ್ತಿತ್ತು. ಅವಳು ಹುಟ್ಟಿ ಬೆಳೆದದ್ದು ಒಂದು ವಠಾರದ ಬಾಡಿಗೆ ಮನೆಯಲ್ಲಿ. ಅದಕ್ಕಿದ್ದದ್ದು ಒಂದೇ ಕಿಟಕಿ, ಅದೂ ಮೆಟ್ಟಿಲ ಕಡೆಗೆ. ಮೇಲಿನ ಮನೆಗಳಿಗೆ ಹತ್ತುವವರು, ಇಳಿಯುವವರು, ಗ್ಯಾಸ್ ಸಿಲಿಂಡರ್ ಹೊರುವವರು, ಎಲ್ಲರೂ ಆ ಕಿಟಕಿಯಲ್ಲಿ ಒಂದು ಕ್ಷಣ ಇಣುಕಿಯೇ ಹೋಗುತ್ತಿದ್ದರು. ಊಟ ಮಾಡುವಾಗ ನೋಡಿದರು, ಅತ್ತಾಗ ನೋಡಿದರು, ಜ್ವರ ಬಂದು ಮಲಗಿದಾಗ ನೋಡಿ, “ಹುಡುಗಿಗೆ ಹುಷಾರಿಲ್ವಾ?” ಎಂದು ಕೇಳಿದರು. ಮುಚ್ಚಿದರೆ ಉಸಿರು ಕಟ್ಟುತ್ತಿತ್ತು, ತೆರೆದರೆ ಮಾನ ಹೋಗುತ್ತಿತ್ತು. ಮದುವೆಯಾಗಿ ಬಂದ ಬಾಡಿಗೆ ಮನೆಗಳಲ್ಲೂ ಕಿಟಕಿಗಳು ಯಾರದೋ ಗೋಡೆಗೆ, ಯಾರದೋ ಬಚ್ಚಲಿಗೆ ಮುಖ ಮಾಡಿದ್ದವು. ಹಾಗಾಗಿ, ಸ್ವಂತ ಮನೆ ಕಟ್ಟುವ ಮಾತು ಬಂದಾಗ ಗಂಡ ಎಷ್ಟು ಕೋಣೆ ಎಂದು ಯೋಚಿಸಿದ, ಅತ್ತೆ ಮೆಟ್ಟಿಲು ಎಷ್ಟು ಎಂದು ಯೋಚಿಸಿದರು, ಮಗಳು ತನ್ನ ಕೋಣೆಗೆ ಚಿಲಕ ಇರುತ್ತದೋ ಇಲ್ಲವೋ ಎಂದು ಕೇಳಿದಳು. ಅವಳು ಮಾತ್ರ ಕಿಟಕಿ ಬಿಟ್ಟು ಇನ್ನೇನನ್ನೂ ಯೋಚಿಸಲಿಲ್ಲ.

ನಕ್ಷೆ ಬರೆದವಳು ಕಾಲೇಜು ಮುಗಿಸಿ ಸ್ವಂತ ಆಫೀಸು ತೆರೆದಿದ್ದ ಒಬ್ಬ ಎಂಜಿನಿಯರ್ ಹುಡುಗಿ. ಆಫೀಸು ಒಂದು ಪುಸ್ತಕದಂಗಡಿಯ ಮೇಲಿತ್ತು. ಹುಡುಗಿಗೆ ತಾಳ್ಮೆ ಬಹಳ. ಕಂಪ್ಯೂಟರಿನಲ್ಲಿ ಮನೆಯನ್ನು ಬೊಂಬೆಯ ಹಾಗೆ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಳು.

“ಮೇಡಂ, ಕಿಟಕಿ ಎಲ್ಲಿರಬೇಕು ಅಂತ ಒಳಗೆ ಕೂತು ಯೋಚನೆ ಮಾಡ್ತೀವಿ. ಆದ್ರೆ ಮನೆ ಮುಖ ಕಾಣೋದು ಹೊರಗಿಂದ. ಎರಡನ್ನೂ ಒಟ್ಟಿಗೇ ನೋಡಬೇಕು. ಇಲ್ದಿದ್ರೆ ಒಳಗೆ ಚೆನ್ನಾಗಿರುತ್ತೆ, ಹೊರಗೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ.”

“ಹೊರಗೆ ಹೇಗೆ ಕಂಡ್ರೂ ಪರವಾಗಿಲ್ಲ,” ಎಂದಳು ಅವಳು. “ನನಗೆ ಹೊರಗಿನದೆಲ್ಲ ಕಾಣಬೇಕು. ನಾನು ಹೊರಗಿನವರಿಗೆ ಕಾಣಬಾರದು.”

ಹುಡುಗಿ ನಕ್ಕಳು. “ಅಂಥ ಗಾಜು ಇದೆ ಮೇಡಂ. ಹೊರಗಿಂದ ಕನ್ನಡಿ, ಒಳಗಿಂದ ಕಿಟಕಿ. ಆದ್ರೆ ನಿಮ್ಮ ಮನೆ ಮುಖ ಪಶ್ಚಿಮಕ್ಕಿದೆ. ಮಧ್ಯಾಹ್ನದ ಮೇಲೆ ಬಿಸಿಲು ನೇರ ಹೊಡೆಯುತ್ತೆ, ಯೋಚನೆ ಮಾಡಿ. ಇನ್ನೊಂದು, ಕತ್ತಲಾದ ಮೇಲೆ ಒಳಗೆ ಲೈಟ್ ಹಾಕಿದ್ರೆ...”

ಆಮೇಲಿನ ಮಾತು ಅವಳ ಕಿವಿಗೆ ಬೀಳಲಿಲ್ಲ. ಹೊರಗಿಂದ ಕನ್ನಡಿ, ಒಳಗಿಂದ ಕಿಟಕಿ. ಅಷ್ಟು ಸಾಕಾಗಿತ್ತು. ಮಹಡಿಯ ಮೇಲಿನ ಹಾಲಿಗೆ, ರಸ್ತೆಯ ಕಡೆಗೆ, ಗೋಡೆಯಿಂದ ಗೋಡೆಗೆ ಒಂದೇ ದೊಡ್ಡ ಗಾಜು ಎಂದು ಅಲ್ಲೇ ಗಟ್ಟಿಮಾಡಿಬಿಟ್ಟಳು. ಎಲಿವೇಶನ್, ಅಂದರೆ ಮನೆಯ ಮುಂಭಾಗದ ಚಿತ್ರ, ನೋಡಿದ ಗಂಡನಿಗೂ ಖುಷಿಯಾಯಿತು. ಹೊಸ ಕಾರಿನ ವಿಂಡ್‌ಸ್ಕ್ರೀನ್ ಇದ್ದ ಹಾಗಿದೆ ಎಂದ.

ಅದೊಂದು ಗಟ್ಟಿಯಾಯಿತೇ ಹೊರತು ಉಳಿದವು ಓಡಾಡುತ್ತಲೇ ಇದ್ದವು. ಕೆಲಸ ಬಿಟ್ಟವಳು ನೇರ ಸೈಟಿಗೆ ಬರುವಳು. ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಕೋಣೆಯಿಂದ ಕೋಣೆಗೆ ಎಳೆಯುತ್ತ ಕೂತು ನೋಡುವಳು, ಎದ್ದು ನೋಡುವಳು. ಅಡುಗೆಮನೆಯ ಕಿಟಕಿ ಪಾತ್ರೆ ತೊಳೆಯುವ ಸಿಂಕಿನ ಮೇಲಿರಲಿ ಎಂದವಳು, ಪಕ್ಕದ ಮನೆಯವರು ಅಲ್ಲೇ ಬಟ್ಟೆ ಒಣಹಾಕುವುದು ಕಂಡು ಒಲೆಯ ಕಡೆಗೆ ಸರಿಸಿದಳು. ಗಾಳಿಗೆ ಒಲೆ ಆರುತ್ತದೆ ಎಂದು ಮೇಸ್ತ್ರಿ ಹೇಳಿದ ಮೇಲೆ ಮತ್ತೆ ಮೊದಲ ಜಾಗಕ್ಕೆ ಬಂತು. ಅತ್ತೆಯ ಕೋಣೆ ಕೆಳಗಿತ್ತು. ಅವರದು ಒಂದೇ ಬೇಡಿಕೆ:

“ನನಗೆ ರಸ್ತೆ ಕಾಣಬೇಕಮ್ಮ. ಯಾರು ಯಾರ ಜೊತೆ ಹೋದ್ರು, ಎಷ್ಟು ಹೊತ್ತಿಗೆ ಬಂದ್ರು, ಇವೆಲ್ಲ ಗೊತ್ತಾಗದಿದ್ರೆ ನಾನು ಬದುಕಿರೋದು ಯಾಕೆ?”

“ಅವರಿಗೂ ನೀವು ಕಾಣ್ತೀರಲ್ಲ ಅತ್ತೆ.”

“ಕಾಣಲಿ ಬಿಡು. ನೋಡೋ ಹಾಗೇನಿದೆ ನನ್ನಲ್ಲಿ? ನೋಡಿದವರಿಗೇ ನಷ್ಟ.”

ಅತ್ತೆಯ ಈ ಧೈರ್ಯ ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ. ಆದರೂ ಕಿಟಕಿ ಇಡಿಸಿದಳು, ಆಮೇಲೆ ಅದಕ್ಕೆ ಕಂಬಿ ಒತ್ತೊತ್ತಾಗಿ ಹಾಕಿಸಿದಳು, ಅತ್ತೆ ಜೈಲಿದ್ದ ಹಾಗಿದೆ ಎಂದ ಮೇಲೆ ತೆಗೆಸಿದಳು. ಕಿಟಕಿಯ ಮೇಲಿನ ಕಾಂಕ್ರೀಟು ಪಟ್ಟಿ, ಲಿಂಟಲ್, ಒಡೆಸಿದ ದಿನ ಮೇಸ್ತ್ರಿ ಕೈಮುಗಿದು, “ಅಮ್ಮೋರೆ, ಗೋಡೆ ಕಟ್ಟೋದು ನನಗೆ ಬರುತ್ತೆ. ಗೋಡೆ ಜೊತೆ ಓಡೋದು ಬರಲ್ಲ,” ಎಂದ. ಅವಳಿಗೆ ನಾಚಿಕೆಯಾಯಿತು. ಮನೆಗೆ ಹೋಗಿ, ಇನ್ನು ಸಾಕು ಎಂದು ತನಗೆ ತಾನೇ ಹೇಳಿಕೊಂಡಳು. ಮರುದಿನ ಸೀಮೆಸುಣ್ಣ ಇಲ್ಲದೆ ಬಂದಳು. ಒಂದು ಇದ್ದಿಲ ಚೂರು ಸಿಕ್ಕಿತು, ಅದರಲ್ಲೇ ಬರೆದಳು.

ಇಷ್ಟೆಲ್ಲ ನಡೆಯುವಾಗ ಎದುರುಮನೆಯ ಕಡೆ ಅವಳು ಸರಿಯಾಗಿ ನೋಡಿರಲಿಲ್ಲ. ಅದೊಂದು ಹಳೆಯ ಮನೆ, ಮಹಡಿಯಿಲ್ಲ. ರಸ್ತೆಯ ಕಡೆಗೆ ಒಂದು ಬಾಗಿಲು, ಒಂದು ಕಿಟಕಿ. ಕಿಟಕಿ ನೆಲದಿಂದ ಎತ್ತರದಲ್ಲಿತ್ತು. ಅಂಗಡಿಗಳಿಗೆ ಬಟ್ಟೆ ಚೀಲ ಹೊಲಿದು ಕೊಡುವ ವಯಸ್ಸಾದ ಹೆಂಗಸೊಬ್ಬರು ಬಾಗಿಲಲ್ಲಿ ಆಗಾಗ ಕಾಣುತ್ತಿದ್ದರು. ಒಳಗೆ ಇನ್ನಾರೋ ಇದ್ದಾರೆ ಎಂದು ಅತ್ತೆ ಆಗಲೇ ಪತ್ತೆ ಮಾಡಿದ್ದರು. “ದನಿ ಕೇಳುತ್ತೆ, ಮನುಷ್ಯ ಕಾಣಲ್ಲ,” ಎಂದಿದ್ದರು.

ಗಾಜು ಬಂದ ದಿನ ಇಡೀ ಬೀದಿ ನಿಂತು ನೋಡಿತು. ಎಂಟು ಜನ ಹಗ್ಗ ಕಟ್ಟಿ ಎತ್ತಿದರು. ಕೂರಿಸಿ, ಮೇಲಿನ ಪ್ಲಾಸ್ಟಿಕ್ ಹಾಳೆ ಎಳೆದಾಗ ಮೋಡ, ವಿದ್ಯುತ್ ತಂತಿ, ತಂತಿಯ ಮೇಲಿನ ಕಾಗೆ, ಎದುರುಮನೆಯ ಹೆಂಚು, ಎಲ್ಲವೂ ಅವಳ ಮನೆಯ ಮುಖದ ಮೇಲೆ ಬಂದು ಕೂತವು. ಅವಳು ಮೇಲೆ ಓಡಿದಳು. ಗಾಜಿನ ಹಿಂದೆ ನಿಂತಳು. ಕೆಳಗೆ ನಿಂತವರು ಮೇಲೆ ನೋಡುತ್ತಿದ್ದರು, ಆದರೆ ಯಾರ ಕಣ್ಣೂ ಅವಳನ್ನು ಮುಟ್ಟಲಿಲ್ಲ. ಒಬ್ಬಳು ಹುಡುಗಿ ಅವಳನ್ನೇ ನೆಟ್ಟಗೆ ನೋಡುತ್ತ ಜಡೆ ಸರಿಮಾಡಿಕೊಂಡಳು. ಗಾಜಿನ ಹಿಂದಿದ್ದವಳ ಎದೆಯಲ್ಲಿ ಎಷ್ಟೋ ವರ್ಷದಿಂದ ಬಿಗಿದಿದ್ದ ಒಂದು ಗಂಟು ಸಡಿಲಾದ ಹಾಗಾಯಿತು.

ಆ ಸಡಿಲು ಸಂಜೆಯವರೆಗಷ್ಟೇ ಉಳಿಯಿತು. ದೀಪಗಳನ್ನು ಪರೀಕ್ಷಿಸುವುದಕ್ಕೆ ಎಲ್ಲರೂ ಮತ್ತೆ ಬಂದಿದ್ದರು. ಅವಳೂ ಅತ್ತೆಯೂ ಕೆಳಗೆ ಗೇಟಿನ ಹತ್ತಿರ ನಿಂತಿದ್ದರು. ಗಂಡ ಮೇಲೆ ಹೋಗಿ ಹಾಲಿನ ಲೈಟು ಹಾಕಿದ. ದಿನವಿಡೀ ಕಾರಿನಲ್ಲಿ ಕೂತು ಸೊಂಟ ಹಿಡಿದಿತ್ತು. ಯಾರೂ ನೋಡುವುದಿಲ್ಲವಲ್ಲ ಎಂದು ಅಂಗಿ ಬಿಚ್ಚಿ ಮೂಲೆಗೆ ಎಸೆದು, ಕೈಗಳನ್ನು ಗಾಳಿಯಂತ್ರದ ಹಾಗೆ ತಿರುಗಿಸುತ್ತ, ಮೊಣಕಾಲು ಎದೆಗೆ ತಂದು ಕುಣಿಯತೊಡಗಿದ. ಬೀದಿಯ ಕತ್ತಲಿಗೆ ಆ ಹಾಲು ಸಿನಿಮಾ ಪರದೆಯಂತೆ ಹೊಳೆಯುತ್ತಿತ್ತು. ಟ್ಯೂಷನ್ನಿಂದ ಬರುತ್ತಿದ್ದ ಮಕ್ಕಳು ನಿಂತರು. ಸ್ಕೂಟರಿನವನೊಬ್ಬ ಕಾಲೂರಿದ.

“ಮೇಲೆ ಏನೋ ಸರ್ಕಸ್ ಬಂದಿದೆ,” ಎಂದರು ಅತ್ತೆ. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿ, “ಅಯ್ಯೋ, ನನ್ನ ಮಗ!” ಎಂದರು.

ಎಲ್ಲರೂ ನಕ್ಕರು, ಗಂಡನೂ ಕೆಳಗೆ ಬಂದು ನಕ್ಕ. ಅವಳೊಬ್ಬಳಿಗೆ ನಗು ಬರಲಿಲ್ಲ. ಅಲ್ಲೇ ನಿಂತು ಎಂಜಿನಿಯರ್ ಹುಡುಗಿಗೆ ಫೋನು ಮಾಡಿದಳು.

“ಯಾವ ಕಡೆ ಬೆಳಕು ಜಾಸ್ತಿ ಇರುತ್ತೋ ಆ ಕಡೆಯವರಿಗೆ ಕನ್ನಡಿ, ಮೇಡಂ. ಕತ್ತಲಾದ ಮೇಲೆ ತಿರುಗಾಮುರುಗಾ ಆಗುತ್ತೆ. ನಾನು ಹೇಳಿದ್ದೆ.”

“ಹೇಳಿದ್ರಾ?”

“ಎರಡು ಸಲ ಹೇಳಿದ್ದೆ ಮೇಡಂ.”

ಹೋಗಲಿ, ಸಂಜೆಗೆ ಪರದೆ ಎಳೆದರಾಯಿತು ಎಂದು ಅವಳು ಸಮಾಧಾನ ತಂದುಕೊಂಡಳು. ಮನೆ ಬದಲಿಸುವ ದಿನ ಹತ್ತಿರ ಬಂದಿತ್ತು. ಬಣ್ಣ ನಡೆಯುತ್ತಿತ್ತು. ಆಗಲೇ ಅವಳ ಕಣ್ಣಿಗೆ ಎದುರುಮನೆಯ ಕಿಟಕಿ ಬಿದ್ದದ್ದು. ಅದಕ್ಕೆ ಒಳಗಿನಿಂದ ಒಂದು ಕಂದು ಹೊದಿಕೆ ತೂಗುಹಾಕಿದ್ದರು. ಬೆಳಿಗ್ಗೆ ಆಸ್ಪತ್ರೆಗೆ ಹೋಗುವಾಗ ಬಂದರೆ ಹೊದಿಕೆ ಇರುತ್ತಿರಲಿಲ್ಲ. ಸಂಜೆ ಬಂದರೆ ಇರುತ್ತಿತ್ತು. ರಜೆಯ ದಿನ ಮಧ್ಯಾಹ್ನ ಮಹಡಿಯ ಮೇಲೆ ಬಣ್ಣದವರ ಜೊತೆ ಇದ್ದಾಗ, ಹೊತ್ತು ವಾಲುತ್ತಿದ್ದ ಹಾಗೆ ಕೆಳಗೆ ರಸ್ತೆಯ ಮೇಲೆ ಒಂದು ಬೆಳಕಿನ ಹಾಳೆ ಬಿದ್ದಿತ್ತು. ಅದು ಮೆಲ್ಲಗೆ ತೆವಳಿ ಚರಂಡಿ ದಾಟಿ, ಎದುರುಮನೆಯ ಮೆಟ್ಟಿಲು ಹತ್ತಿ, ಗೋಡೆ ಏರಿ, ಕಿಟಕಿಯನ್ನು ತುಂಬಿತು. ಒಂದು ಕೈ ಬಂದು ಹೊದಿಕೆಯನ್ನು ಎಳೆಯಿತು.

ಅದು ತನ್ನ ಗಾಜಿನಿಂದ ಹೋದ ಬಿಸಿಲು ಎಂದು ಅವಳಿಗೆ ತಕ್ಷಣ ತಿಳಿಯಿತು. ತಿಳಿದ ಕೂಡಲೇ ತಿರುಗಿ ನಿಂತು, ಬಣ್ಣದವನಿಗೆ ಬಾಗಿಲ ಚೌಕಟ್ಟಿನ ಬಗ್ಗೆ ಏನೋ ಹೇಳಿದಳು.

ಆ ವಾರ ಅವಳಿಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಎಡಗೈ ತೆಗೆಯಬೇಕಾದ ಕಡೆ ಬಲಗೈ ಎಕ್ಸ್‌ರೇ ತೆಗೆದು, ರೋಗಿಯನ್ನು ಮತ್ತೆ ಕೂರಿಸಿದಳು. ಅನ್ನಕ್ಕೆ ನೀರಿಡುವುದು ಮರೆತಳು. ಬೇರೆಯವರೂ ಗಾಜು ಹಾಕಿಸುತ್ತಾರೆ, ಊರಲ್ಲಿ ಬೇಕಾದಷ್ಟು ಕಟ್ಟಡಗಳಿವೆ, ಯಾರೂ ಸತ್ತಿಲ್ಲ ಎಂದುಕೊಂಡಳು. ಅವರೂ ಬಂದು ಹೇಳಿಲ್ಲವಲ್ಲ ಎಂದುಕೊಂಡಳು. ಬಂದು ಜಗಳ ಆಡಿದ್ದರೆ ಚೆನ್ನಾಗಿತ್ತು, ಇವಳೂ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದಳು. ಆ ಕಂದು ಹೊದಿಕೆ ಏನೂ ಆಡದೆ ಸುಮ್ಮನೆ ತೂಗುತ್ತಿತ್ತು.

ಕೊನೆಗೆ ಒಂದು ದಿನ ಅರ್ಧ ರಜೆ ಹಾಕಿ, ಬಿಸಿಲು ವಾಲುವ ಹೊತ್ತಿಗೆ ಹೋಗಿ ಎದುರುಮನೆಯ ಬಾಗಿಲು ತಟ್ಟಿದಳು.

ಚೀಲ ಹೊಲಿಯುವ ಹೆಂಗಸು ಬಾಗಿಲು ತೆಗೆದರು. ಬೆರಳಿಗೆ ದಾರ ಸುತ್ತಿಕೊಂಡೇ ಇತ್ತು.

“ಬನ್ನಿ. ಹೊಸ ಮನೆಯೋರಲ್ವಾ? ಚಪ್ಪಲಿ ಇರಲಿ, ನೆಲ ಕಾದಿದೆ.”

ಒಳಗೆ ಕಿಟಕಿಯ ಕೆಳಗೆ ಒಂದು ಮಂಚ. ಮಂಚದ ಮೇಲೆ ಒಬ್ಬ ಗಂಡಸು, ಐವತ್ತರ ಆಸುಪಾಸು, ಎದೆಯವರೆಗೆ ಹೊದ್ದು ಮಲಗಿದ್ದ. ಕಣ್ಣಿನ ಮೇಲೆ ಒದ್ದೆ ಬಟ್ಟೆ ಇತ್ತು. ಕಿಟಕಿಯ ಹೊದಿಕೆಯ ಎಳೆಎಳೆಯಿಂದಲೂ ಬೆಳಕು ನುಗ್ಗಿ ಕೋಣೆ ಕುಲುಮೆಯ ಹಾಗೆ ಕಾಯುತ್ತಿತ್ತು. ಮೂಲೆಯಲ್ಲಿ ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತಿತ್ತು.

“ನನ್ನ ತಮ್ಮ,” ಎಂದರು ಹೆಂಗಸು. “ಬಣ್ಣ ಹೊಡೀತಿದ್ದ. ನಿಲ್ಲೋಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಹೋಯ್ತು. ಸೊಂಟದ ಕೆಳಗೆ ಸ್ವಾಧೀನ ಇಲ್ಲ.”

“ನಾನು... ಗಾಜಿನ ವಿಷಯ ಮಾತಾಡೋಣ ಅಂತ ಬಂದೆ,” ಎಂದಳು.

ಮಂಚದ ಮೇಲಿದ್ದವನು ಕಣ್ಣಿನ ಬಟ್ಟೆ ತೆಗೆದ. “ಇನ್ನೊಂದು ಸಲ ಮಾತಾಡಿ,” ಎಂದ.

“ಏನು?”

“ಅವರೇ ಅಕ್ಕ, ಇವರು! ‘ಉಸಿರು ಬಿಗಿ ಹಿಡೀರಿ. ಅಲ್ಲಾಡಬೇಡಿ. ಸಾಕು, ಬಿಡಿ.’” ಅವಳ ರಾಗವನ್ನೇ ಹಿಡಿದು ಹೇಳಿದ. “ಬಿದ್ದ ದಿನ ನನ್ನ ಫೋಟೋ ತೆಗೆದದ್ದು ನೀವು ಮೇಡಂ. ಅಲ್ಲಾಡಬೇಡಿ ಅಂದ್ರಿ. ಅವತ್ತಿಂದ ಅಲ್ಲಾಡಿಲ್ಲ ನೋಡಿ.”

ಅಕ್ಕ, “ಸುಮ್ನಿರೋ,” ಎಂದು ಗದರಿದರು. ಅವನು ನಗುತ್ತಿದ್ದ. ಅವಳಿಗೆ ನೆನಪಾಗಲಿಲ್ಲ. ಎಷ್ಟು ಬೆನ್ನುಗಳು, ಎಷ್ಟು ಮೂಳೆಗಳು ಆ ದಪ್ಪ ಗಾಜಿನ ಆಚೆ ಮಲಗಿ ಎದ್ದು ಹೋಗಿದ್ದವು. ಮುಖ ನೋಡಿದ ನೆನಪು ಒಂದೂ ಇಲ್ಲ. ನೆನಪಿದೆ ಎಂದು ಸುಳ್ಳು ಹೇಳಲು ಬಾಯಿ ತೆರೆದು, ಮುಚ್ಚಿದಳು.

“ನೀವು ಬಂದು ಹೇಳಬಾರದಿತ್ತಾ?” ಎಂದು ಅಕ್ಕನ ಕಡೆ ತಿರುಗಿ ಕೇಳಿದಳು.

“ಏನಂತ ಹೇಳೋದಮ್ಮ? ನಿಮ್ಮ ಮನೆ ಚೆನ್ನಾಗಿದೆ, ಸ್ವಲ್ಪ ಕಡಿಮೆ ಹೊಳೀಲಿ ಅಂತನಾ? ಮನೆ ಕಟ್ಟೋರಿಗೆ ನೂರು ತಲೆನೋವು. ಬೆಳಿಗ್ಗೆ ಬಿಸಿಲು ನಮಗೆ ಮೊದಲಿಂದ ಇದ್ದದ್ದೇ. ಈಗ ಸಂಜೆದೂ ಸೇರಿದೆ.”

“ಅಕ್ಕ ಬರ್ತಿದ್ಲು, ನಾನೇ ಬೇಡ ಅಂದೆ,” ಎಂದ ತಮ್ಮ. “ನಿಮ್ಮ ಮನೆ ಎದ್ದದ್ದನ್ನ ಪೂರ್ತಿ ನೋಡಿದೋನು ನಾನು ಮೇಡಂ. ಮೇಲಿನ ಮಹಡಿ ನನಗೆ ಇಲ್ಲಿಂದ ಚೆನ್ನಾಗಿ ಕಾಣ್ತಿತ್ತು. ಯಾವ ಕಿಟಕಿ ನಾಳೆ ಒಡೀತಾರೆ ಅಂತ ನಾವಿಬ್ರೂ ಪಂದ್ಯ ಕಟ್ತಿದ್ವಿ. ಬಲಗಡೆ ಮೂಲೇದು ಇತ್ತಲ್ಲ, ಅದರಲ್ಲಿ ಅಕ್ಕ ಸೋತು ವಾರವಿಡೀ ನಾನು ಹೇಳಿದ ಅಡುಗೆ ಮಾಡಿದ್ಲು. ಅಷ್ಟು ಚೆನ್ನಾಗಿ ಹೊತ್ತು ಹೋಗಿತ್ತು.”

ಅವಳ ಮುಖ ಕಿವಿಯವರೆಗೆ ಬಿಸಿಯಾಯಿತು. ಯಾರೂ ನೋಡುತ್ತಿಲ್ಲ ಎಂದುಕೊಂಡು ಕುರ್ಚಿ ಎಳೆದದ್ದು, ಇದ್ದಿಲಿನಲ್ಲಿ ಗೀಚಿದ್ದು, ಒಬ್ಬಳೇ ನಿಂತು ಗೋಡೆಯ ಜೊತೆ ಮಾತಾಡಿದ್ದು, ಎಲ್ಲವನ್ನೂ ಒಬ್ಬ ಮನುಷ್ಯ ಈ ದಿಂಬಿನ ಮೇಲಿಂದ ನೋಡಿದ್ದ. ಆಶ್ಚರ್ಯವೆಂದರೆ ಎದ್ದು ಓಡಬೇಕು ಅನ್ನಿಸಲಿಲ್ಲ.

“ಆ ಹೊದಿಕೆ ಒಂದು ನಿಮಿಷ ತೆಗೀಬಹುದಾ?” ಎಂದಳು.

ಮಂಚದ ಪಕ್ಕ ಮೊಣಕಾಲೂರಿ, ತಲೆಯನ್ನು ಅವನ ದಿಂಬಿನ ಮಟ್ಟಕ್ಕೆ ತಂದಳು. ಅಕ್ಕ ಹೊದಿಕೆ ಸರಿಸಿದರು. ಕಣ್ಣಿಗೆ ಯಾರೋ ಹೊಡೆದ ಹಾಗಾಯಿತು. ಆಕಾಶವಿಲ್ಲ, ಮನೆಯಿಲ್ಲ, ಬರೀ ಬಿಳಿ ಬೆಂಕಿ. ಕೈ ಅಡ್ಡ ಹಿಡಿದರೂ ರೆಪ್ಪೆಯೊಳಗೆ ಹಸಿರು ಚೌಕವೊಂದು ಈಜುತ್ತಲೇ ಇತ್ತು.

ಆ ಸಂಜೆ ಮನೆಯಲ್ಲಿ ದೊಡ್ಡ ಮಾತಾಯಿತು.

“ಇನ್ನೊಂದು ಬದಲಾವಣೆ ಅಂದ್ರೆ ನಾನು ಡ್ರೈವಿಂಗ್ ಸ್ಕೂಲಿನ ಕಾರಲ್ಲೇ ಮಲಗ್ತೀನಿ, ಮೊದಲೇ ಹೇಳಿದ್ದೀನಿ,” ಎಂದ ಗಂಡ. “ನೀನು ಹೇಳಿದ ಹಾಗೆಲ್ಲ ಒಡೆಸಿದೆ, ಕಟ್ಟಿಸಿದೆ. ಒಂದೇ ಒಂದು ಗಟ್ಟಿಯಾಗಿ ನಿಂತಿತ್ತು, ಅದೂ ಬೇಡವಾ? ಇಡೀ ಬೀದಿ ಹೊಗಳ್ತಿದೆ ಕಣೇ ಆ ಮುಖಾನ!”

“ಬೀದಿ ನಿಂತು ನೋಡುತ್ತೆ, ಹೋಗುತ್ತೆ. ಅವನು ಎದ್ದು ಎಲ್ಲಿಗೆ ಹೋಗ್ತಾನೆ?”

“ಮಂಚ ಆಚೆ ಸರಿಸಲಿ.”

“ಅವರ ಹಿಂದಿನ ಕೋಣೆಗೆ ಕಿಟಕಿ ಇಲ್ಲ ರೀ.” ಅವಳು ಸೌಟು ಕೆಳಗಿಟ್ಟಳು. “ನಾನು ಯಾರಿಗೂ ಕಾಣಬಾರದು ಅಂತ ಹಾಕಿಸಿದೆ. ಅವರಿಗೆ ಏನೂ ಕಾಣದ ಹಾಗಾಯ್ತು.”

ಗಂಡ ಊಟ ಬಿಟ್ಟು ಎದ್ದ. ಅತ್ತೆ ಯಾರ ಪರವೂ ಮಾತಾಡಲಿಲ್ಲ. ಅದೇ ಒಂದು ಸೋಜಿಗ. ಎರಡು ದಿನ ಮನೆಯಲ್ಲಿ ಪಾತ್ರೆಗಳಷ್ಟೇ ಸದ್ದು ಮಾಡಿದವು. ಮೂರನೆಯ ದಿನ ಗಂಡ ಕೆಲಸದಿಂದ ತಡವಾಗಿ ಬಂದ. ಕೈಕಾಲು ತೊಳೆದು ಕೂತು, ತಟ್ಟೆ ನೋಡುತ್ತ ಹೇಳಿದ:

“ಹೋಗಿದ್ದೆ. ಎದುರುಮನೆಗೆ.”

ಅವಳು ಅನ್ನ ಬಡಿಸಿದಳು.

“ಎದುರಿಂದ ಹೈಬೀಮ್ ಹಾಕ್ಕೊಂಡು ಲಾರಿ ಬಂದ ಹಾಗಿದೆ. ಆ ಲಾರಿ ದಾಟಿ ಹೋಗೋದೇ ಇಲ್ಲ. ನಾನು ಕಲಿಯೋಕೆ ಬಂದೋರಿಗೆಲ್ಲ ದಿನಾ ಬಾಯಿ ಬಡ್ಕೋತೀನಿ, ಎದುರಿಗೆ ಜನ ಇದ್ದಾರೆ, ಡಿಮ್ ಮಾಡಿ, ಡಿಮ್ ಮಾಡಿ ಅಂತ.” ತುತ್ತು ಬಾಯಿಗಿಟ್ಟುಕೊಂಡ. “ಆ ಎಂಜಿನಿಯರ್ ಹುಡುಗಿಗೆ ಫೋನ್ ಮಾಡು.”

ಹುಡುಗಿ ಬಂದಳು. ಎದುರುಮನೆಯಲ್ಲಿ ಕೂತು, ತಾನು ಬರೆದ ಮನೆಮುಖವನ್ನು ಅಷ್ಟು ಹತ್ತಿರದಿಂದ ಅನುಭವಿಸಿ, ಕಣ್ಣುಜ್ಜಿಕೊಂಡಳು. “ನಾನು ಒಳಗಿಂದಾನೂ ನೋಡಿದ್ದೆ, ರಸ್ತೆಯಿಂದಾನೂ ನೋಡಿದ್ದೆ. ಇಲ್ಲಿಂದ ನೋಡಿರಲಿಲ್ಲ,” ಎಂದಳು. ಆಮೇಲೆ ಒಂದು ದಾರಿ ಹೇಳಿದಳು: ಇಡೀ ಗಾಜನ್ನು ತೆಗೆದು ಅರ್ಧ ಭಾಗ ಇಟ್ಟಿಗೆ ಗೋಡೆ ಏರಿಸುವುದು, ಉಳಿದದ್ದರಲ್ಲಿ ಎರಡು ಉದ್ದನೆಯ ಕಿಟಕಿ, ಅವನ್ನು ಗೋಡೆಯೊಳಗೆ ಆಳಕ್ಕೆ ತಳ್ಳಿ ಕೂರಿಸುವುದು, ಸಾದಾ ಗಾಜು, ಮೇಲೆ ಅಗಲವಾದ ಸಜ್ಜಾ. ಸಾದಾ ಗಾಜೂ ಸ್ವಲ್ಪ ಹೊಳೆಯುತ್ತದೆ, ಆದರೆ ಸಜ್ಜಾದ ನೆರಳು ಅದರ ಮೇಲೆ ಬಿದ್ದರೆ ಕಣ್ಣಿಗೆ ಹೊಡೆಯುವುದಿಲ್ಲ ಎಂಬುದು ಹುಡುಗಿಯ ಲೆಕ್ಕ.

ಲೆಕ್ಕದ ಮೇಲೆ ಮನೆಯೊಡತಿಗೆ ಈಗ ನಂಬಿಕೆ ಹೊರಟುಹೋಗಿತ್ತು. ಕಣ್ಣಾರೆ ನೋಡಬೇಕಿತ್ತು. ಹಾಗಾಗಿ ಗಾಜು ಬಿಚ್ಚಿದ ಮಧ್ಯಾಹ್ನ ಆ ಬೀದಿಯಲ್ಲಿ ನಡೆದದ್ದು ಯಾರೂ ಮರೆಯುವಂಥದ್ದಲ್ಲ. ಮೇಲೆ ಗಾಜಿನವನು ಸಾದಾ ಗಾಜಿನ ಹಾಳೆ ಹಿಡಿದು ನಿಂತ. ಗಂಡ ಏಣಿ ಹತ್ತಿ, ಸಜ್ಜಾ ಇರಬೇಕಾದ ಜಾಗದಲ್ಲಿ ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹಿಡಿದ. ಅವಳು ಎದುರುಮನೆಯ ಮಂಚದ ಪಕ್ಕ ಮೊಣಕಾಲೂರಿ ಕೂತಳು. ಅಕ್ಕ ಬಾಗಿಲಲ್ಲಿ ನಿಂತು ಒಳಗಿನ ಮಾತನ್ನು ಹೊರಗೆ ಕೂಗಿ ಹೇಳಿದರು.

“ಇನ್ನೂ ಮುಂದಕ್ಕೆ ಬರಬೇಕಂತೆ!”

“ಮುಂದಕ್ಕೆ ಬಂದ್ರೆ ನಾನು ಕೆಳಗೆ ಬೀಳ್ತೀನಿ!” ಎಂದ ಗಂಡ.

“ಬೀಳಬೇಡಿ ಸಾರ್,” ಎಂದ ಮಂಚದ ಮೇಲಿದ್ದವನು. “ಈ ಕೋಣೇಲಿ ಇನ್ನೊಂದು ಮಂಚಕ್ಕೆ ಜಾಗ ಇಲ್ಲ.”

ಅಕ್ಕ ಅದನ್ನು ಮಾತ್ರ ಕೂಗಿ ಹೇಳಲಿಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಎಷ್ಟೋ ದಿನದ ಮೇಲೆ ಹೊಟ್ಟೆಯಿಂದ ಬಂದ ನಗು ಅದು, ಕಣ್ಣಲ್ಲಿ ನೀರು ಬಂತು. ರಟ್ಟು ಒಂದು ಮೊಳ ಮುಂದೆ ಬಂದಾಗ ಬೆಳಕು ಪಟ್ಟೆಂದು ಕುಗ್ಗಿತು. ಗಾಜಿನ ಆಳದಲ್ಲಿ ಗಾಜಿನವನ ಮುಖ, ಅವನ ಹಿಂದಿನ ಗೋಡೆ ಕಂಡವು. ಮೇಲೆ ಸ್ವಲ್ಪ ಆಕಾಶವೂ ಕಂಡಿತು.

ಗಾಜು ಬದಲಿಸಿದ್ದರಿಂದ ಹೊಸ ಮನೆಗೆ ಹೋಗುವುದು ತಡವಾಯಿತು. ಬಾಡಿಗೆ ಮನೆಯ ಮಾಲೀಕರು ಮುಖ ಗಂಟಿಕ್ಕಿದರು. ಮೇಸ್ತ್ರಿ ಮತ್ತೆ ಬಂದು, ಏನೂ ಕೇಳದೆ ಇಟ್ಟಿಗೆ ಜೋಡಿಸಿದ, ಅವನಿಗೆ ಅಭ್ಯಾಸವಾಗಿಹೋಗಿತ್ತು. ಬಿಚ್ಚಿದ ಕನ್ನಡಿ ಗಾಜಿನಲ್ಲಿ ಒಂದು ತುಂಡನ್ನು, ಗೋದಾಮಿನ ಬೋಳು ಗೋಡೆಗೆ ಮುಖ ಮಾಡಿದ್ದ ಹಿಂದಿನ ಕಿಟಕಿಗೆ ಹಾಕಿದರು. ಇನ್ನೊಂದನ್ನು ಮಗಳು ತನ್ನ ಕೋಣೆಗೆ ಎಳೆದುಕೊಂಡು ಹೋದಳು.

ಹೊಸ ಮನೆಯ ಮೊದಲ ದಿನಗಳು ಅವಳಿಗೆ ಕಷ್ಟವಾದವು. ಎರಡು ಕಿಟಕಿಗಳೂ ಸಾದಾ, ಬೀದಿಯವರಿಗೆ ಎಲ್ಲವೂ ಕಾಣುತ್ತಿತ್ತು. ಅವಳು ಪರದೆ ಎಳೆಯುವಳು, ಉಸಿರು ಕಟ್ಟಿ ಸರಿಸುವಳು, ಯಾರೋ ಮೇಲೆ ನೋಡಿದರೆಂದು ಮತ್ತೆ ಎಳೆಯುವಳು. ಕೆಲವು ಸಂಜೆ ಲೈಟು ಆರಿಸಿ ಕತ್ತಲಲ್ಲೇ ಕೂರುತ್ತಿದ್ದಳು. ಅತ್ತೆ ಕೆಳಗಿನಿಂದ, “ಏನಮ್ಮಾ, ಕರೆಂಟ್ ಹೋಯ್ತಾ?” ಎಂದು ಕೂಗುವರು. ಅತ್ತೆಗೆ ಮಾತ್ರ ಸ್ವರ್ಗ ಸಿಕ್ಕಿತ್ತು. ತಮ್ಮ ಕಿಟಕಿಯಲ್ಲಿ ಕೂತು ರಸ್ತೆಯ ಆಚೆಗೆ ಚೀಲ ಹೊಲಿಯುವ ಅಕ್ಕನ ಜೊತೆ ಇಡೀ ಬೀದಿಗೆ ಕೇಳುವ ಹಾಗೆ ಗುಟ್ಟು ಮಾತಾಡುತ್ತಿದ್ದರು.

ಒಂದು ಸಂಜೆ ಅವಳು ಲೈಟು ಹಾಕಿ, ಪರದೆ ಎಳೆಯಲು ಹೋದವಳು ಎದುರು ನೋಡಿದಳು. ಎದುರುಮನೆಯ ಕಿಟಕಿಯಲ್ಲಿ ಹೊದಿಕೆ ಇರಲಿಲ್ಲ. ಒಳಗೆ ದೀಪವಿತ್ತು. ದಿಂಬಿನ ಒಂದು ಅಂಚು, ಎತ್ತಿದ ಒಂದು ಕೈ ಕಂಡವು. ಅವನು ಯಾರಿಗೆ ಕೈ ಎತ್ತಿದ್ದನೋ, ಸೊಳ್ಳೆ ಓಡಿಸುತ್ತಿದ್ದನೋ ಗೊತ್ತಾಗಲಿಲ್ಲ. ಅವಳು ಪರದೆಯ ಅಂಚು ಹಿಡಿದು ಸ್ವಲ್ಪ ಹೊತ್ತು ನಿಂತಳು. ಎಳೆಯಲೂ ಇಲ್ಲ, ಬಿಡಲೂ ಇಲ್ಲ. ಆಮೇಲೆ ಕುರ್ಚಿಯನ್ನು ಕಿಟಕಿಯ ಹತ್ತಿರ ತಂದು ಹಾಕಿ, ಅದರಲ್ಲಿ ಕೂತು ಅವರೆಕಾಯಿ ಸುಲಿಯಲು ಶುರುಮಾಡಿದಳು. ಕಾಲು ಕುಣಿಯುತ್ತಿತ್ತು. ಒಂದೆರಡು ಸಲ ಎದ್ದಳು. ಆದರೂ ಬುಟ್ಟಿ ಮುಗಿಯಿತು.

ಮಳೆಗಾಲ ಕಳೆದ ಮೇಲೆ ಅಕ್ಕ ಒಂದು ದಿನ ರಸ್ತೆ ದಾಟಿ ಬಂದರು. ಕೂರಲಿಲ್ಲ.

“ಒಂದು ಮಾತು ಕೇಳಬೇಕಿತ್ತಮ್ಮ. ನಮ್ಮ ಕಿಟಕಿ ಎತ್ತರ ಆಯ್ತು. ಅವನಿಗೆ ಮೇಲಿಂದು ಮಾತ್ರ ಕಾಣುತ್ತೆ, ನಿಮ್ಮ ಮಹಡಿ, ತಂತಿ, ಕಾಗೆ. ರಸ್ತೆ ಕಾಣಲ್ಲ. ಬೀದೀಲಿ ಏನು ಸದ್ದಾದ್ರೂ ‘ಅಕ್ಕಾ, ಏನದು?’ ಅಂತ ಕೇಳ್ತಾನೆ, ನಾನು ಹೊಲಿಗೆ ಬಿಟ್ಟು ಎದ್ದು ನೋಡಿ ಹೇಳಬೇಕು. ಅದನ್ನ ಕೆಳಗೆ ಇಳಿಸಬಹುದಾ? ನಿಮಗೆ ಈ ಕೆಲಸ ಚೆನ್ನಾಗಿ ಗೊತ್ತಲ್ಲ.”

ಕೊನೆಯ ಮಾತು ಕೇಳಿ ಗಂಡ ಕೆಮ್ಮಿದ. ಅವಳು ಆಗಲೇ ಎದ್ದು ನಿಂತಿದ್ದಳು.

ಮೇಸ್ತ್ರಿಯನ್ನು ಕರೆಸಿದರು. ಅವನು ಬಾಗಿಲಲ್ಲಿ ಅವಳನ್ನು ಕಂಡವನೇ ಒಂದು ಕ್ಷಣ ಹಿಂದೆ ಸರಿದ. “ಅಮ್ಮೋರೆ, ಎಷ್ಟು ಕೆಳಗೆ ಅಂತ ಇವತ್ತೇ ಹೇಳ್ತೀರಾ, ಇಲ್ಲ ನಾಳೆ ಬರಲಾ?”

“ನಾನು ಹೇಳಲ್ಲ. ಅವರು ಹೇಳ್ತಾರೆ,” ಎಂದು ಮಂಚದ ಕಡೆ ತೋರಿಸಿದಳು.

ಅವನ ಮಂಚವನ್ನು ಒಳಗಿನ ಕೋಣೆಗೆ ಸರಿಸಬೇಕಾಯಿತು. ಧೂಳು ಇಳಿಯುವವರೆಗೆ ಅವನು ಆ ಕಿಟಕಿಯಿಲ್ಲದ ಕತ್ತಲಲ್ಲಿ ಮಲಗಿದ್ದ. ಪ್ರತಿ ಸುತ್ತಿಗೆ ಏಟಿಗೂ, “ಎಲ್ಲಿಗೆ ಬಂತು? ಎಲ್ಲಿಗೆ ಬಂತು?” ಎಂದು ಕೇಳುತ್ತಿದ್ದ. ಅವಳಿಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗಿ ಅವನಿಗೆ ಹೇಳುವಳು, ಹೊರಗೆ ಬಂದು ನೋಡುವಳು, ಇನ್ನೆರಡು ಇಟ್ಟಿಗೆ ತೆಗೆದರೆ ಚೆನ್ನ ಎಂದು ಬಾಯಿಗೆ ಬಂದದ್ದನ್ನು ನುಂಗುವಳು.

ಮಂಚ ಮತ್ತೆ ಮುಂದಕ್ಕೆ ಬಂದಾಗ ಚೌಕಟ್ಟು ಇನ್ನೂ ಕೂರಿಸಿರಲಿಲ್ಲ, ಗೋಡೆಯಲ್ಲಿ ಬರೀ ದೊಡ್ಡ ತೂತು. ಅವನು ದಿಂಬಿನ ಮೇಲೆ ತಲೆಯಿಟ್ಟು ಪಕ್ಕಕ್ಕೆ ತಿರುಗಿದ. ರಸ್ತೆ ಅವನ ಕಣ್ಣಿನ ಮಟ್ಟದಲ್ಲೇ ಇತ್ತು. ಸೈಕಲ್ಲಿನ ಚಕ್ರವೊಂದು ಹೋಯಿತು. ಯಾರದೋ ಚಪ್ಪಲಿಗಳು ಹೋದವು. ಎದುರು ಕಿಟಕಿಯಿಂದ ಅತ್ತೆ, “ಕಾಣುತ್ತೇನಪ್ಪಾ?” ಎಂದು ಕೂಗಿದರು.

ಅಷ್ಟರಲ್ಲಿ ಒಂದು ನಾಯಿ ಬಂದು ತೂತಿನ ಅಂಚಿಗೆ ಮೂತಿಯಿಟ್ಟು ಒಳಗೆ ನೋಡಿತು. ಅವನೂ ಅದನ್ನು ನೋಡಿದ. ಅಕ್ಕ ನಾಯಿಯನ್ನು ಓಡಿಸಲು ಪೊರಕೆ ಹುಡುಕಿದರು, ಅವನು ಬೇಡವೆಂದು ಕೈ ಎತ್ತಿದ.